ಮೂರು–ಸೊನ್ನೆಗೆ ದರ್ಜಿ ಅಂತ ಯಾಕಂತಾರೆ?

ಫುಟ್‌ಬಾಲಿನಲ್ಲಿ ಮೂರು–ಸೊನ್ನೆಗೆ ಸೋತರೆ ಆ ಊರಿನಲ್ಲಿ ‘ದರ್ಜಿ ಆಯ್ತು’ ಎನ್ನುತ್ತಿದ್ದರು. ಎರಡು–ಸೊನ್ನೆಗೆ ಹೆಸರಿಲ್ಲ, ನಾಲ್ಕು–ಸೊನ್ನೆಗೂ ಇಲ್ಲ. ಈ ಹಾಳು ಮೂರಕ್ಕೆ ಮಾತ್ರ ದರ್ಜಿಯೇ ಬೇಕಿತ್ತೇ ಎಂದು ಊರಿಗಿದ್ದ ಒಬ್ಬನೇ ದರ್ಜಿ ಇಪ್ಪತ್ತು ವರ್ಷದಿಂದ ಹಲ್ಲು ಕಡಿಯುತ್ತಿದ್ದ.

ಅಂದು ಬೆಳಿಗ್ಗೆ ಅವನು ಊರ ಕ್ಲಬ್ಬಿಗೆ ಮಾದರಿ ಜೆರ್ಸಿ ಹೊಲಿಯುತ್ತಿದ್ದ. ಸಂಜೆ ಐದಕ್ಕೆ ಅದನ್ನು ತೋರಿಸಿದರೆ ಇಡೀ ತಂಡದ ಹೊಲಿಗೆ ಅವನದು. ರೆಡಿಮೇಡ್ ಅಂಗಡಿ ಬಂದಾಗಿನಿಂದ ಬರೀ ಪ್ಯಾಂಟಿನ ಅಂಚು ಮಡಿಸುತ್ತ ಕೂತಿದ್ದವನಿಗೆ ಈ ಕೆಲಸ ಸಿಗದಿದ್ದರೆ ಅಂಗಡಿಗೆ ಬೀಗವೇ ಗತಿ. ಅಷ್ಟರಲ್ಲಿ ಪಕ್ಕದಂಗಡಿಯ ಕ್ಷೌರಿಕ ತಲೆ ಹಾಕಿದ.

“ಅಲ್ಲಯ್ಯಾ, ದರ್ಜಿ ಹೊಲಿದ ಜೆರ್ಸಿ ಹಾಕ್ಕೊಂಡು ಆಡೋಕೆ ಹುಡುಗರು ಒಪ್ತಾರಾ? ಅಪಶಕುನ ಅನ್ನಲ್ವಾ?”

ಮಿಷನ್ ನಿಂತಿತು. “ಆ ಮಾತಿಗೂ ನನ್ನ ಕಸುಬಿಗೂ ಏನಯ್ಯಾ ಸಂಬಂಧ?”

“ಹಿಂದೆ ಒಬ್ಬ ದರ್ಜಿ ಗೋಲ್‌ಕೀಪರ್ ಆಗಿದ್ನಂತೆ. ಚೆಂಡು ಅವನ ಕಾಲ ಸಂದೀಲೇ ಮೂರು ಸಲ ತೂರಿತಂತೆ, ಸೂಜಿಗೆ ದಾರ ಪೋಣಿಸಿದ ಹಂಗೆ.”

“ಬರೀ ಅಂತೆಕಂತೆ! ಇದರ ಮೂಲ ಹುಡುಕಿ, ನಿಮ್ಮೆಲ್ಲರ ಬಾಯಿ ಮುಚ್ಚಿಸ್ತೀನಿ ನೋಡು.”

“ರೀ, ಮೊದಲು ತೋಳು ಹಚ್ರೀ!” ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಕೇಳುವ ಆಸಾಮಿಯೇ? ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಬೇಕರಿಯವನು ಪಂಡಿತನಂತೆ ವಿವರಿಸಿದ. “ಜೇಬಿಗೆ ಮೂರು ಕಡೆ ಹೊಲಿಗೆ, ಒಂದು ಕಡೆ ಖಾಲಿ. ಮೂರು–ಸೊನ್ನೆ! ದರ್ಜಿ ಆಗಿ ಇಷ್ಟೂ ಗೊತ್ತಿಲ್ವಾ ನಿಂಗೆ?”

ತಲೆ ಚಚ್ಚಿಕೊಂಡು, ಬಿಸಿಲಲ್ಲಿ ಅಲೆದು, ಊರಾಚೆಯ ಮುದಿ ರೆಫರಿಯ ಮನೆ ಮುಟ್ಟುವಷ್ಟರಲ್ಲಿ ಮೂರು ಗಂಟೆ.

“ಆ ಮಾತು ಹುಟ್ಟಿದ ದಿನ ನಾನೇ ಸೀಟಿ ಊದಿದ್ದಪ್ಪಾ,” ಎಂದರು ರೆಫರಿ. “ಆವತ್ತು ನಮ್ಮೂರ ಟೀಮಿಗೆ ಹೊಸ ಜೆರ್ಸಿ ಬರಲೇ ಇಲ್ಲ. ಹನ್ನೊಂದು ಜನವೂ ಬನಿಯನ್ನಲ್ಲಿ ನಿಂತಿದ್ರು. ಆಡಿಸೋಕಾಗಲ್ಲ ಅಂದೆ. ಆಡದ ಟೀಮಿಗೆ ಮೂರು–ಸೊನ್ನೆ ಸೋಲು, ಅದೇ ನಿಯಮ. ಹೊಲಿಯೋನು ಹೇಳಿ ಕಳಿಸಿದ್ದ, ‘ತೋಳು ಮಾತ್ರ ಬಾಕಿ, ನಾಳೆ ಕೊಡ್ತೀನಿ’ ಅಂತ.”

“ಯಾರು ಸ್ವಾಮೀ ಆ ದರಿದ್ರದವನು?”

“ನಿಮ್ಮಪ್ಪ.”

ದರ್ಜಿ ಮುದುಕರ ಕಾಲು ಹಿಡಿದ, ಗೋಗರೆದ, ಮನೆಯ ಮಾನ ಉಳಿಸಿ ಎಂದು ಅತ್ತೇಬಿಟ್ಟ. ಕಾಟ ತಡೆಯಲಾರದೆ ಅವರು ‘ಈ ಮಾತಿಗೂ ದರ್ಜಿಗಳಿಗೂ ಸಂಬಂಧವಿಲ್ಲ’ ಎಂದು ಚೀಟಿ ಬರೆದುಕೊಟ್ಟರು. ಜೀವಮಾನದಲ್ಲಿ ಅವರು ಬೇಕೆಂದೇ ಕೊಟ್ಟ ತಪ್ಪು ತೀರ್ಪು ಅದೊಂದೇ.

ಸರಿಯಾಗಿ ಐದಕ್ಕೆ ದರ್ಜಿ ಏದುಸಿರು ಬಿಡುತ್ತ ಕ್ಲಬ್ಬಿಗೆ ನುಗ್ಗಿ ಚೀಟಿಯನ್ನು ಮೇಜಿನ ಮೇಲಿಟ್ಟ. ಕಾರ್ಯದರ್ಶಿ ಓದಿ ನಕ್ಕರು.

“ಅಯ್ಯೋ, ಅಪಶಕುನ ಗಿಪಶಕುನ ಎಲ್ಲ ಯಾರು ನಂಬ್ತಾರೆ? ಕೆಲಸ ನಿಮಗೇ ಅಂತ ನಿನ್ನೇನೇ ತೀರ್ಮಾನ ಆಗಿದೆ. ಎಲ್ಲಿ, ಜೆರ್ಸಿ ತೋರ್ಸಿ.”

ದರ್ಜಿ ತನ್ನ ಖಾಲಿ ಕೈಗಳನ್ನು ನೋಡಿಕೊಂಡ.

“ತೋಳು ಮಾತ್ರ ಬಾಕಿ ಸಾರ್... ನಾಳೆ ಕೊಡ್ತೀನಿ.”

ಕಾರ್ಯದರ್ಶಿ ರೆಡಿಮೇಡ್ ಅಂಗಡಿಗೆ ಫೋನ್ ಮಾಡಿದರು. ತಮಾಷೆ ನೋಡಲು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಕ್ಷೌರಿಕ ತಲೆದೂಗಿದ.

“ಈಗ ಗೊತ್ತಾಯ್ತು ಬಿಡಪ್ಪಾ, ಯಾಕೆ ಹಂಗಂತಾರೆ ಅಂತ.”