ಸಂಘದ ಕಂಪ್ಯೂಟರಿಗೆ ನಾನು ಚುರುಕು ಮುಟ್ಟಿಸಿದ್ದು

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕೆಟ್ಟುಹೋದ ಯಾವ ವಸ್ತುವೂ ಇದುವರೆಗೆ ರಿಪೇರಿ ಅಂಗಡಿಯ ಮುಖ ಕಂಡಿಲ್ಲ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಗೋಡೆ ಗಡಿಯಾರ ಎಲ್ಲವನ್ನೂ ಈ ಎರಡು ಕೈಗಳೇ ಬಿಚ್ಚಿವೆ. ಕೆಲವನ್ನು ಮತ್ತೆ ಜೋಡಿಸಿದ್ದೂ ಉಂಟು! ಜೋಡಿಸಿದ ಮೇಲೆ ಮಿಕ್ಕುವ ಸ್ಕ್ರೂಗಳನ್ನು ನನ್ನ ಹೆಂಡತಿ ಶಾರದಾ ಒಂದು ಗಾಜಿನ ಬಾಟಲಿಯಲ್ಲಿ ಹಾಕಿಡುತ್ತಾಳೆ. ಈಗ ನಡೆಯುತ್ತಿರುವುದು ಎರಡನೆಯ ಬಾಟಲಿ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ರಾಜಾಜಿನಗರದ ನಮ್ಮ ಸಂಘಕ್ಕೆ ಕಂಪ್ಯೂಟರ್ ಬಂತು. ಆಗ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ದರ್ಶನ ಮಾಡಬೇಕಾದ ವಸ್ತು. ದಾನಿಯೊಬ್ಬರು ತಮ್ಮ ಕಾರ್ಖಾನೆಗೆ ಹೊಸದನ್ನು ತರಿಸಿಕೊಂಡು, ಹಳೆಯದನ್ನು ಸಂಘದ ವಧೂವರರ ಮಾಹಿತಿ ಕೇಂದ್ರಕ್ಕೆ ಕೊಟ್ಟಿದ್ದರು. ಟೈಪಿಂಗ್ ಹೇಳಿಕೊಡುತ್ತಿದ್ದ ವನಜಾಕ್ಷಿ ಸಂಜೆ ಬಂದು, ಹುಡುಗ ಹುಡುಗಿಯರ ಹೆಸರು, ನಕ್ಷತ್ರ, ವಿದ್ಯೆ, ಎತ್ತರ ಎಲ್ಲವನ್ನೂ ಅದರ ಹೊಟ್ಟೆಗೆ ಸೇರಿಸುತ್ತಿದ್ದಳು. ನಾನು ಕೇಂದ್ರದ ಕಾರ್ಯದರ್ಶಿ. ಅಂದರೆ ಪಕ್ಕದಲ್ಲಿ ನಿಂತು ನೋಡುವವನು.

ಒಂದೇ ತೊಂದರೆ. ಯಂತ್ರ ಏಳುವುದೂ ನಿಧಾನ, ಮಲಗುವುದೂ ನಿಧಾನ. ಸ್ವಿಚ್ ಹಾಕಿದರೆ ಮೊದಲು ತನ್ನಷ್ಟಕ್ಕೆ ಅಂಕಿಗಳನ್ನು ಎಣಿಸುತ್ತಿತ್ತು. ಆಮೇಲೆ ಕಾರ್ಖಾನೆಯಲ್ಲಿ ಯಾರೋ ಭಕ್ತರು ತುಂಬಿಸಿದ್ದ ಗಣಪತಿಯ ಚಿತ್ರ, ಬರೀ ಚುಕ್ಕಿಗಳಿಂದ ಮಾಡಿದ್ದು, ಕಿರೀಟದಿಂದ ಶುರುವಾಗಿ ಸಾಲುಸಾಲಾಗಿ ಇಳಿದುಬರುತ್ತಿತ್ತು. ಸೊಂಡಿಲು ಮುಗಿಯುವಷ್ಟರಲ್ಲಿ ನನ್ನ ಕಾಫಿ ಮುಗಿದಿರುತ್ತಿತ್ತು. ಇಲಿ ಬರುವ ಹೊತ್ತಿಗೆ ಇನ್ನೊಂದು ಕಾಫಿ ಬೇಕಾಗುತ್ತಿತ್ತು! ಮುಚ್ಚುವಾಗಲೂ ಅಷ್ಟೆ. ಎಲ್ಲ ಹೆಸರುಗಳನ್ನೂ ಫ್ಲಾಪಿಗಳಿಗೆ ನಕಲು ಮಾಡುತ್ತ ಕರ್ರ್ ಕರ್ರ್ ಎಂದು ಗೊರಕೆ ಹೊಡೆಯುತ್ತಿತ್ತು.

"ಇದಕ್ಕೇನೋ ರೋಗ ಇದೆ ವನಜಾಕ್ಷಿ, ನಾನು ನೋಡ್ಲಾ?" ಎಂದೆ ಒಮ್ಮೆ.

"ಅದು ಹಾಗೇನೇ ಸಾರ್. ದಯವಿಟ್ಟು ಮುಟ್ಬೇಡಿ" ಎಂದಳು.

ಮುಂದಿನ ಭಾನುವಾರ ವಧೂವರರ ಸಮಾವೇಶ. ಬಂದವರಿಗೆಲ್ಲ ಪಟ್ಟಿ ಮುದ್ರಿಸಿಕೊಡುತ್ತೇವೆಂದು ಕರಪತ್ರ ಹಂಚಿಯಾಗಿತ್ತು. ವನಜಾಕ್ಷಿ ತಂಗಿಯ ಬಾಣಂತನಕ್ಕೆಂದು ಕೆಂಗೇರಿಗೆ ಹೋಗಿದ್ದಳು. ಪಟ್ಟಿ ಮುದ್ರಿಸುವುದು ಹೇಗೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದಳು: ಬೇರೆ ಏನನ್ನೂ ಒತ್ತಬೇಡಿ.

ಶುಕ್ರವಾರ ಮೂಡಲಪಾಳ್ಯದಿಂದ ನನ್ನ ಅಕ್ಕ ಪದ್ಮಕ್ಕ ಬಂದಳು. ಅವಳ ಮಗಳು ಜಯಂತಿಯನ್ನು ಆರು ಗಂಡುಗಳು ನೋಡಿ, ಆರೂ ಉಪ್ಪಿಟ್ಟು ತಿಂದು, ಆಮೇಲೆ ಸುದ್ದಿಯೇ ಇಲ್ಲ.

"ಗೋವಿಂದ, ನಿನ್ ಕಂಪ್ಯೂಟರ್ನಲ್ಲಾದ್ರೂ ನನ್ ಮಗೂಗೆ ಒಂದು ಹುಡುಗ ಸಿಗ್ತಾನೇನೋ?" ಎನ್ನುವಾಗ ಅವಳ ದನಿ ಸಣ್ಣಗಾಗಿತ್ತು.

"ಸಿಗ್ದೆ ಏನು! ಒಂದು ಗುಂಡಿ ಒತ್ತಿದ್ರೆ ಹತ್ತು ಹುಡುಗ್ರು ಬಂದು ಬೀಳ್ತಾರೆ ಕಣಕ್ಕ!"

ಇಷ್ಟು ಘನವಾದ ಕಾರ್ಯಕ್ಕೆ ಅಷ್ಟು ನಿಧಾನವಾದ ಯಂತ್ರವೇ? ಶನಿವಾರ ಮಧ್ಯಾಹ್ನ ಸ್ಕ್ರೂಡ್ರೈವರ್ ಮತ್ತು ಸೈಕಲ್ ಪಂಪು ಹಿಡಿದು ಹೊರಟೆ.

"ರೀ, ಪಂಪು ಯಾಕೆ?" ಎಂದಳು ಶಾರದಾ.

"ಚಿಕಿತ್ಸೆ ಕಣೇ."

"ಅಯ್ಯೋ ದೇವ್ರೇ, ಆ ಬಾಟ್ಲಿ ತುಂಬ್ಹೋಗಿದೆ ಕಣ್ರೀ!"

ಸಂಘದ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಗಾಳಿ ಹೊಡೆದೆ. ಕಾರ್ಖಾನೆಯ ಐದು ವರ್ಷದ ಧೂಳು ಒಟ್ಟಿಗೇ ಎದ್ದು ನನ್ನ ಮೂಗಿನೊಳಗೆ ನೆಲೆಸಿತು. ಇಪ್ಪತ್ತು ಸೀನು ಸೀನಿ, ಮತ್ತೆ ಮುಚ್ಚಿ, ಸ್ವಿಚ್ ಹಾಕಿದೆ. ಗಣಪತಿ ಎಂದಿನಂತೆ ಸಾವಕಾಶವಾಗಿ ಇಳಿದುಬಂದ. ಮೂರು ಸ್ಕ್ರೂ ಮಿಕ್ಕವು.

ಆದರೂ ಧೈರ್ಯಗುಂದಲಿಲ್ಲ. ಮಲಗಿಸುವ ಸಮಸ್ಯೆಯನ್ನು ಮೊದಲು ಬಗೆಹರಿಸಿದೆ. ಡಬ್ಬಿಯ ಪಕ್ಕದಲ್ಲಿ ದಪ್ಪನೆಯ ಕೆಂಪು ಸ್ವಿಚ್ ಇತ್ತು. ಫ್ಲಾಪಿಯ ಗೋಜೇ ಇಲ್ಲದೆ ಅದನ್ನು ಕೆಳಗೆ ತಳ್ಳಿದೆ. ಟಪ್! ಅರ್ಧ ಗಂಟೆಯ ಕೆಲಸ ಅರ್ಧ ಸೆಕೆಂಡಿನಲ್ಲಿ ಮುಗಿಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇನ್ನು ಏಳಿಸುವುದು. ಮತ್ತೆ ಸ್ವಿಚ್ ಹಾಕಿ, ಯಂತ್ರದ ಹೊಟ್ಟೆಯಲ್ಲಿ ಏನೇನಿದೆ ಎಂಬ ಪಟ್ಟಿ ತೆಗೆದೆ. ಅರ್ಥವಾಗದ ಇಂಗ್ಲಿಷ್ ಹೆಸರುಗಳು ತುಂಬಿಕೊಂಡಿದ್ದವು. ಇಷ್ಟು ಕಸ ಹೊತ್ತ ಪ್ರಾಣಿ ಚುರುಕಾಗಿ ಏಳುವುದಾದರೂ ಹೇಗೆ! ಕಂಪ್ಯೂಟರ್ ಜೊತೆ ಬಂದಿದ್ದ ಪುಸ್ತಕದಲ್ಲಿ ಅಳಿಸುವ ಮಂತ್ರ ಸಿಕ್ಕಿತು. ಎರಡು ನಕ್ಷತ್ರ, ನಡುವೆ ಒಂದು ಚುಕ್ಕಿ. ಟೈಪ್ ಮಾಡಿದೆ.

"ನಿಮಗೆ ಖಾತ್ರಿಯೇ?" ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು.

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಗೌರವದಿಂದ ಕೇಳಿರಲಿಲ್ಲ. ಎದೆಯುಬ್ಬಿಸಿ 'ಹೌದು' ಒತ್ತಿದೆ.

ಆಮೇಲೆ ಕೆಂಪು ಸ್ವಿಚ್ ತಳ್ಳಿ, ಮತ್ತೆ ಹಾಕಿ ನೋಡಿದೆ. ಗಣಪತಿಯಿಲ್ಲ, ಇಲಿಯಿಲ್ಲ. ಅಂಕಿ ಎಣಿಸಿದ್ದೇ ತಡ, ಪರದೆಯ ಮೇಲೆ ಒಂದೇ ಒಂದು ಸಾಲು ಬಂದು ನಿಂತಿತು! ಅಷ್ಟು ಬೇಗ ಅದು ಯಾವತ್ತೂ ಎದ್ದಿರಲಿಲ್ಲ. ಆ ಸಾಲನ್ನು ಓದುವ ಗೋಜಿಗೂ ಹೋಗದೆ, ದಾರಿಯಲ್ಲಿ ಸಿಕ್ಕಿದ ನಾಲ್ಕು ಜನರಿಗೆ ಹೇಳಿಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣ ತುಂಬಿತ್ತು. ಮಹಾಲಕ್ಷ್ಮಿ ಲೇಔಟಿನಿಂದ ಮಲ್ಲತ್ತಹಳ್ಳಿಯವರೆಗಿನ ಅಪ್ಪ ಅಮ್ಮಂದಿರು ಫೋಟೋ, ಜಾತಕ ಹಿಡಿದು ಕುಳಿತಿದ್ದರು. ಅಧ್ಯಕ್ಷ ಪುಟ್ಟಸ್ವಾಮಯ್ಯನವರು ಮೈಕಿನಲ್ಲಿ, "ನಮ್ಮ ಕಾರ್ಯದರ್ಶಿಗಳು ಈಗ ಪಟ್ಟಿಯನ್ನು ಕಣ್ಣು ಮಿಟುಕಿಸೋದ್ರಲ್ಲಿ ತೆಗೀತಾರೆ" ಎಂದರು. ಚಪ್ಪಾಳೆ! ನಾನು ಸ್ವಿಚ್ ಹಾಕಿದೆ. ಅದೇ ಸಾಲು. ಈ ಸಲ ಓದಿದೆ. ಏಳುವುದಕ್ಕೆ ಬೇಕಾದದ್ದೇನೂ ತನ್ನಲ್ಲಿಲ್ಲ, ಬೇರೆ ಡಿಸ್ಕ್ ಹಾಕಿ ಎಂದು ಬರೆದಿತ್ತು.

ವನಜಾಕ್ಷಿಯ ಚೀಟಿಯಲ್ಲಿದ್ದದ್ದನ್ನೆಲ್ಲ ಒತ್ತಿದೆ. ಇಲ್ಲದ್ದನ್ನೂ ಒತ್ತಿದೆ. ಕೈ ಜೋಡಿಸಿ, ಹೋಗಿಬಿಟ್ಟ ಗಣಪತಿಯನ್ನೇ ಕರೆದೆ.

"ಏನ್ರೀ ಗೋವಿಂದರಾಜು, ಪಟ್ಟಿ?" ಎಂದರು ಅಧ್ಯಕ್ಷರು, ಮೈಕು ಮುಚ್ಚುವುದನ್ನು ಮರೆತು.

"ಸಾರ್... ಯಂತ್ರ ತುಂಬಾ ಬೇಗ ಏಳ್ತಾ ಇದೆ. ಆದ್ರೆ ಎದ್ದ ಮೇಲೆ ಏನೂ ಜ್ಞಾಪಕ ಇಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಎಷ್ಟೋ ಜನ ಬಸ್ಸು ಬದಲಾಯಿಸಿ ಬಂದಿದ್ದರು. ಪದ್ಮಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅದನ್ನು ನೋಡಿದಾಗ ಮಾತ್ರ ನನ್ನ ಜಂಭ ನಿಜವಾಗಿಯೂ ಇಳಿಯಿತು.

ಆಗ ಅವಳ ಪಕ್ಕದಲ್ಲಿ ಕುಳಿತಿದ್ದ ಜಯಂತಿ ಎದ್ದಳು. ನೆಟ್ಟಗೆ ಬಂದು ಅಧ್ಯಕ್ಷರ ಕೈಯಿಂದ ಮೈಕು ತೆಗೆದುಕೊಂಡಳು.

"ಎಲ್ರೂ ಒಂದ್ನಿಮಿಷ ಕೇಳಿ. ಹುಡುಗಿ ಕಡೆಯೋರು ಕಿಟಕಿ ಕಡೆ ಬನ್ನಿ, ಹುಡುಗನ ಕಡೆಯೋರು ಬಾಗ್ಲು ಕಡೆ. ಒಬ್ಬೊಬ್ರಾಗಿ ಹೇಳ್ತಾ ಹೋಗಿ, ನಾನು ಬರ್ಕೋತೀನಿ. ಯಾರಾದ್ರೂ ಒಬ್ರು ಇನ್ನೊಂದು ಕಡೆ ಬರ್ಕೊಳ್ಳಿ."

ಬಾಗಿಲ ಬಳಿಯಿಂದ ಕನ್ನಡಕದ ಯುವಕನೊಬ್ಬ ಪೆನ್ನು ತೆಗೆಯುತ್ತ ಬಂದ. ವಿಜಯನಗರದ ಹೈಸ್ಕೂಲ್ ಮೇಷ್ಟ್ರು. ಹೆಸರು ಮಂಜುನಾಥ. ಮಧ್ಯಾಹ್ನದ ಹೊತ್ತಿಗೆ ಎರಡು ಪಟ್ಟಿಗಳೂ ಸಿದ್ಧವಾದವು. ಅಷ್ಟರಲ್ಲಿ ಜನ ಪಟ್ಟಿಯನ್ನೇ ಮರೆತು ತಾವೇ ಮಾತಿಗಿಳಿದಿದ್ದರು. ಸಂಜೆಗೆ ಮೂರು ಕಡೆ ಜಾತಕ ಕೈ ಬದಲಾಯಿಸಿತು. ಅದರಲ್ಲಿ ಒಂದನ್ನು ಮಂಜುನಾಥನ ತಾಯಿ ಪದ್ಮಕ್ಕನ ಹತ್ತಿರ ಕೇಳಿ ಪಡೆದರು.

ಮರುವಾರ ವನಜಾಕ್ಷಿ ಬಂದು, ಮೊದಲು ಚಪ್ಪಲಿ ಬಿಟ್ಟಳು, ಆಮೇಲೆ ಸ್ವಿಚ್ ಹಾಕಿದಳು, ಆಮೇಲೆ ತಲೆ ಮೇಲೆ ಕೈಯಿಟ್ಟಳು. ಪುಣ್ಯಕ್ಕೆ ಅವಳ ಫ್ಲಾಪಿಗಳಲ್ಲಿ ಎಲ್ಲ ಹೆಸರುಗಳೂ ಕ್ಷೇಮವಾಗಿದ್ದವು.

"ಆ ಗಣಪತಿ ಚಿತ್ರ ಬರೋ ಸಾಲೊಂದನ್ನ ಅಳಿಸಿದ್ರೆ ಸಾಕಿತ್ತು ಸಾರ್" ಎಂದಳು. "ದೇವ್ರನ್ನ ಅಳಿಸೋಕೆ ಮನಸ್ಸು ಬರ್ಲಿಲ್ಲ, ಬಿಟ್ಟಿದ್ದೆ."

ನಾನು ಸಕಲವನ್ನೂ ಅಳಿಸಿದ್ದೆ!

ಆದರೂ ನಾನು ತಲೆ ತಗ್ಗಿಸಲಿಲ್ಲ. ಯಂತ್ರ ಸರಿಯಾಗಿದ್ದರೆ ಜಯಂತಿ ಏಳುತ್ತಿದ್ದಳೇ? ಮಂಜುನಾಥ ಪೆನ್ನು ತೆಗೆಯುತ್ತಿದ್ದನೇ? ಅವರಿಬ್ಬರ ಮದುವೆ ಗೊತ್ತಾದ ಮೇಲೆ ಇದನ್ನೇ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆ ಮದುವೆಗೆ ಕಾರಣಕರ್ತ ನಾನೇ ಎಂಬ ಬಗ್ಗೆ ನನಗೆ ಲವಲೇಶವೂ ಅನುಮಾನವಿರಲಿಲ್ಲ. ರೇಷ್ಮೆ ಪಂಚೆ ಉಟ್ಟು ಛತ್ರದ ಮೊದಲ ಸಾಲಿನಲ್ಲಿ ಕುಳಿತೆ.

ಮುಹೂರ್ತಕ್ಕೆ ಇನ್ನು ಐದು ನಿಮಿಷ ಎನ್ನುವಾಗ ವಾದ್ಯದವರ ಶ್ರುತಿಪೆಟ್ಟಿಗೆ ಗಕ್ಕೆಂದು ನಿಂತಿತು. ಎಲೆಕ್ಟ್ರಿಕ್ಕಿನದು. ಸಭೆಯೆಲ್ಲ ಆ ಕಡೆ ತಿರುಗಿತು. ನಾನು ಪಂಚೆ ಎತ್ತಿಕಟ್ಟಿ, ಜೇಬಿನಲ್ಲಿದ್ದ ಸ್ಕ್ರೂಡ್ರೈವರಿಗೆ ಕೈ ಹಾಕುತ್ತ ಎದ್ದೆ.

ಹಸೆಮಣೆಯ ಮೇಲಿದ್ದ ಮದುಮಗಳು ತಗ್ಗಿಸಿದ ತಲೆ ಎತ್ತಿ, ಇಡೀ ಛತ್ರಕ್ಕೆ ಕೇಳುವಂತೆ ಕೂಗಿದಳು:

"ಮಾವ! ಕೂತ್ಕೊಳ್ಳಿ!"

ಕಾರಣಕರ್ತ ಕುಳಿತ.