ಫುಟ್‌ಬಾಲ್ ಆಟಗಾರನಿಗೆ ಮೂಡಲಗಿಯ ಉಪ್ಪು-ಮೆಣಸಿನಕಾಯಿ

ಜಪಾನಿನ ಒಬ್ಬ ಫುಟ್‌ಬಾಲ್ ಆಟಗಾರನ ಯೋಗಕ್ಷೇಮ ಮೂಡಲಗಿಯ ನಮ್ಮ ಚಿಗವ್ವನ ಕೈಯಲ್ಲಿದೆ. ಪಾಪ, ಅವನಿಗೇ ಗೊತ್ತಿಲ್ಲ! ಚಿಗವ್ವ ಅಂದರೆ ನಮ್ಮ ಕಾಕಾನ ಹೆಂಡತಿ. ಫುಟ್‌ಬಾಲಿನಲ್ಲಿ ಒಂದು ಕಡೆ ಎಷ್ಟು ಜನ ಆಡುತ್ತಾರೆ ಎಂದು ಕೇಳಿ ನೋಡಿ, "ಬೇಕಾದಷ್ಟು ಮಂದಿ ಅದಾರಲ್ಲ!" ಎನ್ನುತ್ತಾಳೆ.

ಮೊಬೈಲಿನಲ್ಲಿ ಶೇಂಗಾ ಹೋಳಿಗೆ ಮಾಡುವುದನ್ನು ನೋಡುತ್ತಿದ್ದಾಗ ಈ ಹುಡುಗ ಅದು ಹೇಗೋ ಅಡ್ಡ ಬಂದ. ಆಟ ಮುಗಿದು ಎಲ್ಲರೂ ಹೋದ ಮೇಲೆ ಇವನೊಬ್ಬ ಮೈದಾನದತ್ತ ತಿರುಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದನಂತೆ.

"ಹೊಲಕ್ಕ ನಮಸ್ಕಾರ ಮಾಡಿ ಹೋಗೋ ಹುಡುಗ. ಮನಿತನ ಚಲೋ ಇರಬೇಕು!"

ಅಂದಿನಿಂದ ಚಿಗವ್ವ ಅವನ ಒಂದು ಫೋಟೊವನ್ನೂ ನೋಡದೆ ಬಿಟ್ಟಿಲ್ಲ. ಆದರೆ ಲೈಕ್ ಮಾತ್ರ ಒತ್ತುವುದಿಲ್ಲ! ಪ್ರತಿ ಫೋಟೊಕ್ಕೂ ಲಕ್ಷಗಟ್ಟಲೆ ಜನ ಹಾರ್ಟ್ ಒತ್ತುತ್ತಾರಲ್ಲ ಎಂದು ಹೊಗಳಲು ಹೋಗಿ ನಾನು ಬೈಸಿಕೊಂಡೆ.

"ಅವು ಹಾರ್ಟ್ ಅಲ್ಲೋ ಹುಚ್ಚಪ್ಪಾ, ಕಣ್ಣು! ಇಷ್ಟು ಮಂದಿ ಕಣ್ಣು ಬಿದ್ರ ಹುಡುಗ ತಡಕೋತಾನೇನು?"

ಹೀಗಾಗಿ ಪ್ರತಿ ಅಮಾವಾಸ್ಯೆಗೆ ಅವನ ಫೋಟೊ ತೆರೆದು, ಮೊಬೈಲನ್ನು ಗೋಡೆಗೆ ಒರಗಿಸಿ, ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ನಡುವೆ ಪರದೆ ಕತ್ತಲಾದರೆ ಮತ್ತೆ ಮೊದಲಿನಿಂದ! ಘಾಟು ಬರದಿದ್ದರೆ ಭಾರೀ ದೃಷ್ಟಿಯಾಗಿದೆ ಎಂದು ಅರ್ಥ. ಕಾಕಾ ಕೆಮ್ಮುತ್ತ ಹೊರಗೆ ಬರುತ್ತಾನೆ.

"ಘಾಟು ಬರಲಿಲ್ಲಂತ! ನನ್ನ ಮೂಗಿಗೆ ಯಾರರ ಕೇಳ್ರೋ!"

ಹುಕ್ಕೇರಿಯ ಒಂದು ಮದುವೆಯಲ್ಲಿ ಬೀಗರ ಕಡೆಯ ಹುಡುಗಿಯರು ಅವನ ಗೋಲು ನೋಡುತ್ತ ಹಾರ್ಟ್ ಒತ್ತುತ್ತಿದ್ದರು. ಚಿಗವ್ವ ಅಕ್ಷತೆ ಹಿಡಿದೇ ನುಗ್ಗಿದಳು. "ನೋಡ್ರಿ, ಬ್ಯಾಡ ಅನ್ನೂದಿಲ್ಲ. ಒತ್ತಬ್ಯಾಡ್ರಿ!" ಅಷ್ಟರಲ್ಲಿ ಅತ್ತ ತಾಳಿ ಕಟ್ಟಿಯಾಗಿತ್ತು. ಅಕ್ಷತೆ ಬಿದ್ದದ್ದು ಮೊಬೈಲಿನ ಮೇಲೆ.

ಕಳೆದ ಮಳೆಗಾಲದಲ್ಲಿ ಅವನ ಮೊಣಕಾಲಿಗೆ ಪೆಟ್ಟಾಗಿ ಆಪರೇಶನ್ ಆಯಿತು. "ನಾ ಹೇಳಿದ್ದಿಲ್ಲೇನು?" ಎಂದು ಗೋಕಾಕಿನಲ್ಲಿದ್ದ ನನಗೆ ಫೋನು ಬಂತು. ತಿಂಗಳುಗಳು ಕಳೆದವು. ಆಡದವನನ್ನು ಯಾರು ನೋಡುತ್ತಾರೆ? ಜನ ಬೇರೆ ಆಟಗಾರರ ಹಿಂದೆ ಹೋದರು. ಲಕ್ಷವಿದ್ದದ್ದು ಸಾವಿರಕ್ಕೆ ಇಳಿಯಿತು. ಕಣ್ಣುಗಳು ಕಡಿಮೆಯಾದವಲ್ಲ, ಚಿಗವ್ವ ಖುಷಿಯಾಗಿರಬೇಕೆಂದು ಮೂಡಲಗಿಗೆ ಹೋದೆ.

ಆಕೆ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದಳು. ಅದರಲ್ಲಿ ಊರುಗೋಲು ಹಿಡಿದು ನಿಂತ ಹುಡುಗನ ಫೋಟೊ.

"ಓಡ್ಯಾಡೂಮುಂದ ಕಣ್ಣು ಹಾಕಿದ ಮಂದಿ, ಬಿದ್ದ ಮ್ಯಾಲ ಮಾತಾಡ್ಸಾಕ ಬರಬಾರ್ದೇನು? ಒಬ್ಬಂಟಿ ಆಗ್ಯಾನೋ." ಫೋಟೊದ ಕೆಳಗಿನ ಹಾರ್ಟ್ ತೋರಿಸಿ ಕೇಳಿದಳು, "ನಾ ಒತ್ತಿದ್ರ ಅವಗ ತಿಳೀತೈತೇನು?"

"ತಿಳೀತೈತಿ," ಎಂದೆ. ಸುಳ್ಳಿರಬಹುದು.

"ದೃಷ್ಟಿ ಆದ್ರ ತಗದ್ರಾತು," ಎಂದು ತನಗೇ ಹೇಳಿಕೊಂಡು, ಬೆರಳನ್ನು ಸೆರಗಿಗೆ ಒರೆಸಿ ಚಿಗವ್ವ ಮೊದಲ ಸಲ ಹಾರ್ಟ್ ಒತ್ತಿದಳು. ಅಲ್ಲೇ ಇದ್ದ ಕಾಕಾನತ್ತ ತಿರುಗಿ, "ನೀವೂ ಒತ್ರಿ," ಎಂದಳು. ಕಾಕಾ ತನ್ನ ಮೊಬೈಲ್ ತರಲು ಒಳಗೆ ಹೋದ. ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಆಕೆ ಮೊಬೈಲ್ ಹಿಡಿದು ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ಯವ್ವಾ, ನಮ್ಮ ಹುಡುಗಗ ಆರಾಮಿಲ್ಲ. ಒಂದ್ಸಲ ಮಾತಾಡಿಸಿಬಿಡ್ರಿ."