ಮಾಡಿಲ್ಲದ ಮನೆಯಿಂದ, ‘ನ್ಯೂ ವರ್ಲ್ಡ್’ ಬಟನ್ ಅವರಿಗೆ

ಮಾನ್ಯ ‘ನ್ಯೂ ವರ್ಲ್ಡ್’ ಬಟನ್ ಅವರೇ,

ಸದಾ ಹಸಿರಾಗಿ ಕಂಪ್ಯೂಟರ್ ಆಟದ ಪರದೆಯ ಮೂಲೆಯಲ್ಲಿ ನಿಂತು, ಯಾರು ಯಾವಾಗ ಒತ್ತಿದರೂ ಮುಖ ಸಿಂಡರಿಸದೆ ಹೊಸ ಭೂಮಿ, ಹೊಸ ಆಕಾಶ, ಹೊಸ ಕುರಿಮಂದೆಯನ್ನು ದಯಪಾಲಿಸುವ ತಮಗೆ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಬೆರಳಿನಿಂದ ಈವರೆಗೆ ತಮ್ಮ ಮೈಗೆ ಏನಾದರೂ ನೋವಾಗಿದ್ದರೆ ಕ್ಷಮೆಯಿರಲಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಓದಿದವಳಾದ್ದರಿಂದ ನನ್ನ ಕನ್ನಡದಲ್ಲಿ ಅರ್ಧ ರಜೆ ಅರ್ಜಿಗಳಿಂದ ಬಂದದ್ದು, ಇನ್ನರ್ಧ ಫೋನಿನಲ್ಲಿ ಅಜ್ಜಿಯ ಹತ್ತಿರ ಬೈಸಿಕೊಂಡು ಬಂದದ್ದು. ಎಲ್ಲಾದರೂ ಮರ್ಯಾದೆ ಕಡಿಮೆ ಬಿದ್ದರೆ ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಬೇಕು.

ಮೊದಲು ತಮ್ಮ ಉಪಕಾರ ಸ್ಮರಣೆ. ಚೌಕದ ಮೇಲೆ ಚೌಕ ಪೇರಿಸಿ ಏನನ್ನು ಬೇಕಾದರೂ ಕಟ್ಟಬಹುದಾದ ಈ ಆಟದಲ್ಲಿ ನಾನು ಕಟ್ಟಿದ ಗ್ರಂಥಾಲಯಕ್ಕೆ ಮೆಟ್ಟಿಲಿಲ್ಲ, ದೀಪಸ್ತಂಭಕ್ಕೆ ದೀಪವಿಲ್ಲ, ಸೇತುವೆಯೊಂದು ನಡುನೀರಿನವರೆಗೆ ಬಂದು, ತಾನು ಯಾಕೆ ಹೊರಟೆನೋ ಮರೆತವರ ಹಾಗೆ ನಿಂತುಬಿಟ್ಟಿದೆ. ಪ್ರತಿ ಸಲವೂ ಬೋರು ಹೊಡೆಸುವ ಕೆಲಸ ಶುರುವಾಗುವ ಹೊತ್ತಿಗೆ ಸರಿಯಾಗಿ ತಾವು ಮೂಲೆಯಿಂದ ಕಣ್ಣು ಮಿಟುಕಿಸಿದಿರಿ, ನಾನು ಎದ್ದು ಬಂದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ತಮಗೆ ದೊಣ್ಣೆಯ ಖರ್ಚೂ ಇಲ್ಲ, ಮಡಕೆಯನ್ನು ಒಡೆಯದೆಯೇ ಮರೆಸಿಬಿಡುವ ಕಲೆ ತಮ್ಮದು.

ನನ್ನ ಕೋಣೆಯಲ್ಲಿ ಪಕ್ಕದ ಮಂಚದವಳು ಕೆಮಿಸ್ಟ್ರಿ ಓದುತ್ತಾಳೆ, ಒಗೆದ ಬಟ್ಟೆಯನ್ನು ಅದೇ ದಿನ ಮಡಿಸಿಡುವಂಥ ವಿಚಿತ್ರ ಪ್ರಾಣಿ. ಅವಳು ನನ್ನ ಲೋಕಗಳ ಪಟ್ಟಿ ನೋಡಿ, “ದೇವರೇ ಮೂರು ಲೋಕಕ್ಕೆ ಸಾಕು ಅಂತ ನಿಲ್ಲಿಸಿದ ಕಣೇ, ನಿಂದು ಯಾವಾಗ?” ಎಂದು ಕೇಳಿದ್ದಲ್ಲದೆ ನನಗೆ ‘ಆರಂಭಶೂರೆ’ ಎಂಬ ಬಿರುದನ್ನೂ ಕೊಟ್ಟಳು. ‘ಶೂರೆ’ ಇದೆಯಲ್ಲ, ಹೊಗಳಿಕೆಯೇ ಇರಬೇಕು ಎಂದು ನಾನು ಬಹಳ ದಿನ ಥ್ಯಾಂಕ್ಸ್ ಹೇಳುತ್ತಲೇ ಇದ್ದೆ.

ಇನ್ನು ದೂರಿನ ವಿಷಯ. ನನಗೊಬ್ಬಳು ತಂಗಿ, ಮನೆಯಲ್ಲಿ ಅವಳಿಗೆ ಗುಬ್ಬಿ ಎಂದೇ ಹೆಸರು. ಅಪ್ಪ ಅಮ್ಮನದು ಊರೂರಿಗೆ ಎತ್ತಿಹಾಕುವ ಕೆಲಸವಾದ್ದರಿಂದ ಅವಳು ಅಜ್ಜಿಯ ಹತ್ತಿರ ಬೆಳೆದಳು, ನಾನು ವಾರ್ಡನ್ನುಗಳ ಹತ್ತಿರ ಬೆಳೆದೆ. ಒಂದೇ ಸೂರಿನ ಕೆಳಗೆ ನಾವಿಬ್ಬರೂ ಇದ್ದದ್ದೆಂದರೆ ರಜೆಗಳಲ್ಲಿ ಮಾತ್ರ. ಅದಕ್ಕೇ ಇಬ್ಬರೂ ಸೇರಿ ಈ ಆಟದಲ್ಲಿ ಒಂದು ಮನೆ ಶುರು ಮಾಡಿದೆವು. ಲೋಕ ನನ್ನ ಲ್ಯಾಪ್‌ಟಾಪಿನಲ್ಲಿ, ಅವಳು ಅಜ್ಜಿಯ ಫೋನಿನಿಂದ ಒಳಗೆ ಬರುತ್ತಾಳೆ, ಹೋಮ್‌ವರ್ಕ್ ಮುಗಿದ ಮೇಲೆ ಅರ್ಧ ಗಂಟೆ, ಅಜ್ಜಿ ಪಕ್ಕದಲ್ಲೇ ಕಾವಲು. ಮಹಡಿಯ ಮೇಲಿನ ಕೋಣೆ ಅವಳದು. ನಾಲ್ಕು ಗೋಡೆ, ಒಂದು ಕಿಟಕಿ, ಒಂದು ಕೆಂಪು ಹಾಸಿಗೆ. ಕಳೆದ ಸೋಮವಾರ ಅವಳೂ ಹಾಸ್ಟೆಲ್ ಸೇರುವವಳಿದ್ದಳು, ಅಲ್ಲಿ ಫೋನು ಮುಟ್ಟುವ ಹಾಗಿಲ್ಲ. ಹೋಗುವ ಮೊದಲು ಮನೆ ಪೂರ್ತಿಯಾಗಬೇಕು ಎಂಬುದು ಅವಳ ಒಂದೇ ಒಂದು ಹಟ.

ಮನೆ ಕಟ್ಟಿ ನೋಡು ಅಂದವರು ಮುಗಿಸಿ ನೋಡು ಅನ್ನಲಿಲ್ಲ, ಪಾಪ ಅವರಿಗೂ ಅನುಭವ ಇದ್ದಿರಬೇಕು. ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎಂದು ನಾನು ವಿಡಿಯೋ ನೋಡಿದೆ. ಅದರಲ್ಲಿ ಬಂದ ಮಹಾಶಯರು ಚಿಕ್ಕ ಚಿಕ್ಕ ಗುರಿ ಇಟ್ಟುಕೊಳ್ಳಿ ಎಂದರು, ಗುರಿ ಇಟ್ಟುಕೊಂಡು ಮುಂದಿನ ವಿಡಿಯೋ ನೋಡಿದೆ. ಆದರೆ ನಿಜವಾದ ಮೋಟಿವೇಶನ್ ಸಿಕ್ಕಿದ್ದು ಗುಬ್ಬಿಯಿಂದ. ದಿನಾ ಆಟದ ಜೊತೆ ಕಾಲ್‌ನಲ್ಲಿ ಇರುತ್ತಿದ್ದ ಅವಳು ತಪ್ಪದೆ, “ಅಕ್ಕಾ, ಮಾಡು ಮಾಡು” ಎನ್ನುತ್ತಿದ್ದಳು. ಎಂಥ ಪುಟ್ಟ ಹುಡುಗಿ, ಎಂಥ ಪ್ರೋತ್ಸಾಹ! ನಾನು ಮಾಡಿದೆ. ತೋಟ ಮಾಡಿದೆ. ಬೆಟ್ಟದ ಹೊಟ್ಟೆ ಕೊರೆದು ಕೊಟ್ಟಿಗೆ ಮಾಡಿದೆ. ಮಾಡು ಮಾಡು ಎಂದಷ್ಟೂ ಹುರುಪಾಗಿ, ಯಾರೂ ಕೇಳದಿದ್ದ ಗಡಿಯಾರ ಗೋಪುರವನ್ನೂ ಎಬ್ಬಿಸಿದೆ. ಆಟದೊಳಗೆ ಮಳೆ ಬಂದಾಗ ಗುಬ್ಬಿ ಕೆಂಪು ಹಾಸಿಗೆಯನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಹಾಕಿಕೊಂಡಳು. ಪ್ರಾಣಿಗಳ ಮೇಲೆ ಎಷ್ಟು ಪ್ರೀತಿ ಎಂದು ನನಗೆ ಕಣ್ಣು ತುಂಬಿ ಬಂತು.

ಕೊನೆಗೆ ಶುಕ್ರವಾರ ಅಜ್ಜಿಯೇ ಫೋನು ಕಿತ್ತುಕೊಂಡರು. “ಅಯ್ಯೋ ನಿನ್ನ ಓದಿಗಿಷ್ಟು! ಮಗು ಬಾಯಿ ನೋಯೋ ಹಾಗೆ ಮಾಡು ಮಾಡು ಅಂತಿದೆ, ನೀನು ಗಂಟೆ ಗೋಪುರ ಕಟ್ತಾ ಕೂತಿದ್ದೀಯಲ್ಲೇ! ಮಾಡು ಅಂದ್ರೆ ಮಾಡು ಕಣೇ, ತಲೆ ಮೇಲೆ ಇರತ್ತಲ್ಲ, ಮನೆ ಮಾಡು, ಸೂರು! ಅದನ್ನ ಮಾಡು ಅಂತ ಹೇಳ್ತಿರೋದು!”

ಮಾನ್ಯರೇ, ನಾನು ಬೆಳೆದ ಕಟ್ಟಡಗಳಲ್ಲಿ ತಲೆಯ ಮೇಲೆ ಸೀಲಿಂಗ್ ಇತ್ತು, ಸೀಲಿಂಗಿಗೆ ಫ್ಯಾನಿತ್ತು. ಮಾಡು ಎಂಬುದು ಕೆಲಸ ಹೇಳುವ ಮಾತಲ್ಲದೆ ಮನೆಯ ಮೇಲೆ ಕೂರುವ ವಸ್ತುವೂ ಹೌದೆಂದು ನನಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮಂಚದವಳು ಇದನ್ನು ಕೇಳಿ ಮಡಿಸಿಟ್ಟ ಬಟ್ಟೆಯ ಮೇಲೆಯೇ ಬಿದ್ದು ನಕ್ಕಳು, ಇಸ್ತ್ರಿ ಹಾಳಾಯಿತು, ಅಷ್ಟರ ಮಟ್ಟಿಗೆ ಸಮಾಧಾನ.

ಶನಿವಾರ ಮಾಡು ಶುರುವಾಯಿತು. ಬಟನ್ ಆಗಿರುವ ತಮಗೆ ಮಾಡು ಹಾಕುವ ಸುಖ ಗೊತ್ತಿರಲಾರದು: ಅದೇ ಹಲಗೆ, ಅದರ ಪಕ್ಕ ಅದೇ ಹಲಗೆ, ಕಾಲು ಜಾರಿ ಕೆಳಗೆ ಬಿದ್ದರೆ ಮತ್ತೆ ಏಣಿ, ಮತ್ತೆ ಅದೇ ಹಲಗೆ. ಎರಡೂ ಕಡೆಯಿಂದ ಇಳಿಜಾರು ಏರಿಸಿಕೊಂಡು ಬಂದು ನೆತ್ತಿಗೆ ತಲುಪಿದರೆ, ಅಗಲದ ಲೆಕ್ಕದಲ್ಲಿ ನಾನು ಎಡವಿದ್ದರಿಂದ ಅವೆರಡೂ ಸೇರದೆ ನಡುವೆ ಒಂದು ಸಾಲು ಬಾಯಿ ತೆರೆದುಕೊಂಡಿತ್ತು. ಪರೀಕ್ಷೆಯಲ್ಲಿ ಉತ್ತರ ತಪ್ಪಿತೆಂದು ತಿಳಿದಾಗ ಪುಟ ಮಗುಚುವ ಬೆರಳೇ ಆಟವನ್ನು ಮುಚ್ಚಿತು, ಮೆನು ಬಂತು, ಮೂಲೆಯಲ್ಲಿ ತಾವು ಹಸಿರಾಗಿ ನಿಂತಿದ್ದಿರಿ. ಹೊಸ ಮನೆ, ಸರಿಯಾದ ಅಗಲ, ಈ ಸಲ ಖಂಡಿತ, ಎಂದಿರಿ. ಬೆರಳು ತಮ್ಮ ಮೇಲೆ ಬಂದು ಕೂತಿತ್ತು.

ನಾನು ಹೊರಬಂದರೆ ಆ ಲೋಕವೇ ಮುಚ್ಚಿಹೋಗುತ್ತದೆ, ಒಳಗಿದ್ದವರೂ ಹೊರಗೆ ಬೀಳುತ್ತಾರೆ ಎಂಬುದು ನೆನಪಾದದ್ದು ಕಿವಿಯಲ್ಲಿ ಗುಬ್ಬಿಯ ದನಿ ಕೇಳಿದಾಗ. “ಅಕ್ಕಾ? ಅಕ್ಕಾ, ನಾನೆಲ್ಲಿ ಹೋದೆ?”

ತಮ್ಮ ಹತ್ತಿರ ಈ ಪ್ರಶ್ನೆಗೆ ಉತ್ತರವಿದ್ದರೆ ದಯಮಾಡಿ ತಿಳಿಸಬೇಕು. ನಾನು ಬೆರಳನ್ನು ತಮ್ಮ ಮೇಲಿಂದ ಎತ್ತಿ, ವಾಪಸು ಹೋಗಿ ಹಳೇ ಲೋಕದ ಬಾಗಿಲು ತೆರೆದೆ. ಅವಳು ಬಂದು ಮಾಡಿನ ಬಾಯಿಯನ್ನು ಕೆಳಗಿನಿಂದ ನೋಡಿ, “ಇಷ್ಟೇನಾ? ಗಾಜು ಹಾಕು, ಮಲಗಿದಾಗ ಮೋಡ ಕಾಣತ್ತೆ” ಎಂದಳು. ನಾನು ಒಂದು ತುದಿಯಿಂದ, ಅವಳು ಇನ್ನೊಂದು ತುದಿಯಿಂದ ಗಾಜು ಕೂರಿಸಿದೆವು. ಹಸುವಿನ ಪಕ್ಕದ ಹಾಸಿಗೆ ಮಹಡಿಗೆ ಬಂತು. ಆಮೇಲೆ ಮಳೆ ಬರಲಿ ಎಂದು ಇಬ್ಬರೂ ಕಾದೆವು. ತಾವು ಎಷ್ಟು ಲೋಕ ಕೊಟ್ಟರೂ ನನಗೆ ಎಂದೂ ಕಾಯುವ ಕೆಲಸ ಕೊಟ್ಟಿರಲಿಲ್ಲ. ಮಳೆ ಬರಲಿಲ್ಲ. ಅಜ್ಜಿ, “ಸಾಕು, ಟೈಮಾಯ್ತು” ಎಂದರು, ಗುಬ್ಬಿ ಹಾಸಿಗೆಯ ಮೇಲೆ ಮಲಗಿದ್ದ ಹಾಗೆಯೇ ಮಾಯವಾದಳು. ಸೋಮವಾರ ಹಾಸ್ಟೆಲಿಗೆ ಹೋದಳು.

ಆದ್ದರಿಂದ ನನ್ನ ಬೇಡಿಕೆಗಳು ಸರಳ. ತಾವು ಹಸಿರು ಬಿಟ್ಟು ಗೋಡೆಯ ಬಣ್ಣಕ್ಕೆ ತಿರುಗಬೇಕು. ನಾನು ಒತ್ತಿದಾಗ, “ಹಳೇದರಲ್ಲಿ ಯಾರನ್ನು ಬಿಟ್ಟು ಬಂದೆ ತಾಯಿ?” ಎಂದು ಒಂದು ಮಾತು ಕೇಳಬೇಕು. ಅವಳ ರಜೆಯವರೆಗೆ ತಾವೂ ರಜೆ ತೆಗೆದುಕೊಳ್ಳಬೇಕು. ಅರ್ಜಿ ಬರೆಯಲು ಬಾರದಿದ್ದರೆ ತಿಳಿಸಿ, ಅದೊಂದು ಬಗೆಯ ಬರವಣಿಗೆಯಲ್ಲಿ ನಾನು ಪಳಗಿದವಳು.

ಬೆರಳನ್ನು ಸದ್ಯಕ್ಕೆ ಜೇಬಿನಲ್ಲಿಟ್ಟುಕೊಂಡಿರುವ
ತಮ್ಮ ವಿಶ್ವಾಸಿ,
ಹಾಸ್ಟೆಲಿನ ಕಿಟಕಿ ಬದಿಯ ಮಂಚದವಳು

ಮರೆತ ಮಾತು: ಈಗ ತಾನೇ ಅಜ್ಜಿಯ ಫೋನು ಬಂದಿತ್ತು. ಗುಬ್ಬಿ ಹೊರಡುವ ಮೊದಲು ಅಜ್ಜಿಯ ಫೋನಿನಲ್ಲಿ ತಮ್ಮನ್ನು ಒತ್ತಿಯೇ ಹೋಗಿದ್ದಾಳಂತೆ. ಒಳಗೆ ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ, ಆ ಹೊಸ ಲೋಕಕ್ಕೆ ಹೆಸರನ್ನು ಮಾತ್ರ ಇಟ್ಟಿದ್ದಾಳೆ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿ ಹೇಳಿದರು: “ರಜಕ್ಕೆ. ಅಕ್ಕ ಮುಟ್ಟಬೇಡ.” ನಮ್ಮ ಮನೆಯಲ್ಲಿ ತಮಗೆ ಇನ್ನೊಬ್ಬ ಗಿರಾಕಿ ಸಿಕ್ಕಿದ್ದಕ್ಕೆ ಅಭಿನಂದನೆಗಳು, ಆದರೆ ಇವಳು ಕಾಯುವ ಜಾತಿ, ತಮಗೆ ವ್ಯಾಪಾರ ಗಿಟ್ಟಲಾರದು.